ಪೈಲಟ್‌ಗಳ ಮಾತಿಗೊಂದು ವ್ಯಾಕರಣ

2022ರ ಜನವರಿಯ ಒಂದು ಬೆಳಗ್ಗೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಇಂಡಿಗೋದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೆದ್ದವು. ಒಂದು ಕೋಲ್ಕತ್ತಾಕ್ಕೆ, ಇನ್ನೊಂದು ಭುವನೇಶ್ವರಕ್ಕೆ ಹೊರಟಿತ್ತು. ಒಂದೇ ರನ್‌ವೇ ಬಳಸಬೇಕೆಂಬ ತೀರ್ಮಾನ ಇನ್ನೊಂದು ರನ್‌ವೇಯ ಉಸ್ತುವಾರಿ ಹೊತ್ತ ನಿಯಂತ್ರಕರಿಗೆ ತಲುಪಿರಲಿಲ್ಲ. ಏರಿದ ವಿಮಾನಗಳು ಒಂದರ ದಾರಿಗೆ ಇನ್ನೊಂದು ಬರುತ್ತಿರುವುದನ್ನು ರಾಡಾರ್ ಪರದೆಯ ಮುಂದಿದ್ದ ನಿಯಂತ್ರಕರು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. 400ಕ್ಕೂ ಹೆಚ್ಚು ಜನರ ಜೀವ ಉಳಿಸಿದ್ದು ರೇಡಿಯೋದಲ್ಲಿ ಆಡಿದ ಒಂದೆರಡು ವಾಕ್ಯ. ಅಂಥ ಮಾತನ್ನು ಮೊದಲ ಬಾರಿಗೆ ಕೇಳುವವರಿಗೆ ಅದು ಗೊರಗೊರ ಸದ್ದಿನ ನಡುವೆ ಓಡುವ ಇಂಗ್ಲಿಷ್ ಎನಿಸುತ್ತದೆ, ತಮ್ಮ ಕಿವಿ ಚುರುಕಿಲ್ಲವೆಂದು ಕೈಬಿಡುತ್ತಾರೆ. ಕೊರತೆ ಕಿವಿಯದ್ದಲ್ಲ. ವಿಮಾನ ರೇಡಿಯೋದ ಮಾತು ಅರ್ಥವಾಗುವುದು ಮುಂದೆ ಯಾವ ಬಗೆಯ ಮಾಹಿತಿ ಬರಲಿದೆ ಎಂಬುದು ಮೊದಲೇ ಗೊತ್ತಿದ್ದವರಿಗೆ.

ಪೂಜೆಯ ಸಂಕಲ್ಪವನ್ನು ನೆನೆಯಿರಿ. ಅರ್ಚಕರು ಎಷ್ಟೇ ವೇಗವಾಗಿ ಹೇಳಿದರೂ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ ಎಂಬ ಕ್ರಮ ಬಲ್ಲವರು ಇಂದಿನ ತಿಥಿಯನ್ನು ತಪ್ಪದೆ ಹಿಡಿಯುತ್ತಾರೆ. ನಿಯಂತ್ರಕರ ಮಾತಿಗೂ ಅಂಥದೇ ಕಟ್ಟು ಇದೆ. ಮೊದಲು ಯಾವ ವಿಮಾನಕ್ಕೆ ಎಂಬುದು, ಆಮೇಲೆ ಏನು ಮಾಡಬೇಕು, ಕೊನೆಗೆ ಅಂಕಿ. ‘ಐಫ್ಲೈ ಟೂ ತ್ರೀ ಒನ್, ಟರ್ನ್ ಲೆಫ್ಟ್, ಹೆಡಿಂಗ್ ಝೀರೋ ಫೋರ್ ಝೀರೋ’ ಎಂದರೆ, 231 ಸಂಖ್ಯೆಯ ಇಂಡಿಗೋ ವಿಮಾನ ಎಡಕ್ಕೆ ತಿರುಗಿ 40 ಡಿಗ್ರಿ ದಿಕ್ಕು ಹಿಡಿಯಬೇಕು. ಐಫ್ಲೈ ಎಂಬುದು ರೇಡಿಯೋದಲ್ಲಿ ಇಂಡಿಗೋದ ಹೆಸರು. ಹೆಡಿಂಗ್ ಎಂದೊಡನೆ ಮೂರು ಅಂಕಿ ಬರಲಿವೆ ಎಂದು ಬಲ್ಲ ಕಿವಿ ಆ ಮೂರಕ್ಕಾಗಿ ಕಾದಿರುತ್ತದೆ. ಯಾವ ಹಂತದಲ್ಲಿ ಯಾರ ಮಾತು ಎಂಬುದೂ ನಿಗದಿಯಾಗಿದೆ. ವಿಮಾನ ನಿಂತಲ್ಲಿಂದ ರನ್‌ವೇವರೆಗೆ ಗ್ರೌಂಡ್, ಏರುವಾಗ ಇಳಿಯುವಾಗ ಟವರ್, ನಿಲ್ದಾಣದ ಸುತ್ತಲ ಆಕಾಶದಲ್ಲಿ ಅಪ್ರೋಚ್, ದೂರದ ದಾರಿಯಲ್ಲಿ ಏರಿಯಾ ಕಂಟ್ರೋಲ್. ಗ್ರೌಂಡ್‌ನವರು ಎತ್ತರದ ಮಾತಾಡುವುದು ಅಪರೂಪ, ಅಪ್ರೋಚ್‌ನವರು ನೆಲದ ದಾರಿಯಾದ ಟ್ಯಾಕ್ಸಿವೇಯ ಮಾತಾಡುವುದಿಲ್ಲ. ಹೀಗಾಗಿ ಹಂತ ಗೊತ್ತಾದರೆ ಅರ್ಧ ಅರ್ಥ ಆಗಲೇ ಕೈಗೆ ಸಿಕ್ಕಂತೆ.

ಇನ್ನರ್ಧ ಭೌತವಿಜ್ಞಾನದ ಕೈಯಲ್ಲಿದೆ. ನಮ್ಮ ಎಫ್.ಎಂ. ಕೇಂದ್ರಗಳು 108 ಮೆಗಾಹರ್ಟ್ಸ್‌ಗೆ ಮುಗಿಯುತ್ತವೆ. ಅಲ್ಲಿಂದ 118ರವರೆಗಿನ ಜಾಗ ದಾರಿ ತೋರುವ ಉಪಕರಣಗಳಿಗೆ, 118ರಿಂದ 137ರವರೆಗಿನದು ಪೈಲಟ್‌ಗಳ ಮಾತಿಗೆ. ಈ ತರಂಗಗಳು ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. 35,000 ಅಡಿ ಎತ್ತರದ ವಿಮಾನದ ಮಾತು ಸುಮಾರು 400 ಕಿ.ಮೀ. ಆಚೆಗೂ ಮುಟ್ಟಬಲ್ಲದು. ಆದರೆ ದೇವನಹಳ್ಳಿ ಬಳಿಯ ನಿಲ್ದಾಣದ ಟವರ್‌ಗೂ ಬೆಂಗಳೂರಿನ ಜಯನಗರ, ಬನಶಂಕರಿಗಳಿಗೂ ನಡುವೆ ನೇರವಾಗಿ ಅಳೆದರೂ 30 ಕಿ.ಮೀ. ಮೀರಿದ ದೂರವಿದೆ, ಊರಿನ ಕಟ್ಟಡಗಳೆಲ್ಲ ಅಡ್ಡ ನಿಂತಿವೆ. ಜೆ.ಪಿ. ನಗರದ ಮೇಲೆ ಸಾಗುವ ವಿಮಾನದ ಪೈಲಟ್ ಆಡುವ ಮಾತು ಅಲ್ಲಿನ ಮನೆಯ ತಾರಸಿಯಲ್ಲಿ ಕೇಳುವವರಿಗೆ ಸ್ಪಷ್ಟವಾಗಿ ತಲುಪಬಲ್ಲದು, ನೆಲದ ನಿಯಂತ್ರಕರದು ತಲುಪದಿರಬಹುದು. ಆದರೂ ಸಂಭಾಷಣೆ ಪೂರ್ತಿ ತಿಳಿಯುತ್ತದೆ, ಏಕೆಂದರೆ ದಿಕ್ಕು, ಎತ್ತರ, ರನ್‌ವೇ, ತರಂಗಾಂತರ ಇವನ್ನೆಲ್ಲ ಪೈಲಟ್ ತಿರುಗಿ ಹೇಳಲೇಬೇಕೆಂಬ ನಿಯಮವಿದೆ. ಈ ರೀಡ್‌ಬ್ಯಾಕ್ ಇರುವುದು ತಪ್ಪು ಕೇಳಿಸಿಕೊಂಡದ್ದನ್ನು ನಿಯಂತ್ರಕರು ಆ ಕ್ಷಣದಲ್ಲೇ ತಿದ್ದಲೆಂದು. ಹೊಸಬರಿಗೆ ಅದು ಪ್ರತಿ ಪಾಠವನ್ನೂ ಎರಡು ಸಲ ಹೇಳಿಕೊಡುವ ಮೇಷ್ಟ್ರೂ ಹೌದು.

ಮುಂದೇನು ಬರಲಿದೆಯೆಂದು ನಿರೀಕ್ಷಿಸಿ ಕೇಳುವ ಈ ಬಗೆಗೊಂದು ಗಂಭೀರ ಆಕ್ಷೇಪವಿದೆ. ನಿರೀಕ್ಷೆಯಿಂದ ಕೇಳುವವನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತಾನಲ್ಲವೆ? ಹೌದು, ಅದಕ್ಕೆ 583 ಜೀವಗಳ ಸಾಕ್ಷ್ಯವಿದೆ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಮಂಜು ಕವಿದಿದ್ದಾಗ ಕೆ.ಎಲ್.ಎಂ. ವಿಮಾನ ಅನುಮತಿ ಸಿಗದೆಯೇ ಓಡತೊಡಗಿ, ಅದೇ ರನ್‌ವೇಯಲ್ಲಿದ್ದ ಪ್ಯಾನ್ ಆಮ್ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ತಾವು ಟೇಕಾಫ್‌ನಲ್ಲಿದ್ದೇವೆಂದು ಕೆ.ಎಲ್.ಎಂ. ಸಿಬ್ಬಂದಿ ಹೇಳಿದ್ದನ್ನು, ಹೊರಡಲು ಸಜ್ಜಾಗಿ ನಿಂತಿದ್ದಾರೆಂದು ಟವರ್ ತಿಳಿಯಿತು. ಕಾಯಲು ಹೇಳಿದ ಟವರ್‌ನ ಮಾತೂ, ತಾವಿನ್ನೂ ರನ್‌ವೇಯಲ್ಲೇ ಇದ್ದೇವೆಂಬ ಪ್ಯಾನ್ ಆಮ್‌ನ ಮಾತೂ ಒಂದರ ಮೇಲೊಂದು ಬಿದ್ದು ಕರ್ಕಶ ಸದ್ದಾದವು. ಆ ಬಳಿಕ ಟೇಕಾಫ್ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಬಿಟ್ಟು ಬೇರೆಲ್ಲೂ ಬಳಸಬಾರದೆಂಬ ನಿಯಮ ಬಂತು. ಅಂದರೆ ಈ ದುರಂತಕ್ಕೆ ಸಿಕ್ಕ ಪರಿಹಾರ ನಿಯಮದ ಕಟ್ಟನ್ನು ಸಡಿಲಿಸುವುದಲ್ಲ, ಬಿಗಿ ಮಾಡುವುದು. ಫೈವ್ ಮತ್ತು ನೈನ್ ಒಂದೇ ಥರ ಕೇಳಿಸದಿರಲೆಂದು ರೇಡಿಯೋದಲ್ಲಿ ನೈನರ್ ಎನ್ನುವುದೂ ಇದೇ ಎಚ್ಚರದಿಂದ.

ಮಾತು ಸರಿಯಿದ್ದರೆ ಎಲ್ಲವೂ ಸರಿ ಎಂದೂ ಹೇಳಲಾಗದು. 1996ರ ನವೆಂಬರ್ 12ರಂದು ಹರಿಯಾಣದ ಚರಖಿ ದಾದ್ರಿಯ ಮೇಲೆ ಸೌದಿ ವಿಮಾನಕ್ಕೆ 14,000 ಅಡಿ, ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ನಿಯಂತ್ರಕರು ಸರಿಯಾಗಿಯೇ ಹೇಳಿದ್ದರು. ಕಜಕ್ ವಿಮಾನ ಅದಕ್ಕಿಂತ ಕೆಳಗಿಳಿದು ಎರಡೂ ಡಿಕ್ಕಿಯಾದವು, 349 ಮಂದಿ ಸತ್ತರು. ಆಮೇಲೆ ಡಿಕ್ಕಿ ತಡೆಯುವ ಎಚ್ಚರಿಕೆಯ ಉಪಕರಣವನ್ನು ಭಾರತ ಕಡ್ಡಾಯ ಮಾಡಿತು. ಮುಂದೆ ಲಿಖಿತ ಸಂದೇಶಗಳೇ ಈ ಮಾತಿನ ಜಾಗಕ್ಕೆ ಬಂದುಬಿಡುತ್ತವೆ ಎನ್ನುವವರಿದ್ದಾರೆ. ಸಾಗರದ ಮೇಲೆ ಅವು ಆಗಲೇ ಬಳಕೆಯಲ್ಲಿವೆ. ಆದರೆ ಬೆಂಗಳೂರಿನ ಆ ಬೆಳಗಿನಂಥ ಹೊತ್ತಿನಲ್ಲಿ ಸಂದೇಶ ಬರೆದು, ಓದಿ, ಉತ್ತರಿಸುವಷ್ಟು ವ್ಯವಧಾನವಿರುವುದಿಲ್ಲ. ಉಪಕರಣಗಳು ಮಾತಿಗೆ ಬೆನ್ನಾಸರೆ ಕೊಡಬಲ್ಲವು, ಮಾತಿನ ಕೆಲಸ ಮುಗಿದಿಲ್ಲ.

ಕಲಿಯಬಯಸುವವರು ಪದಪಟ್ಟಿಯಿಂದಲ್ಲ, ಕ್ರಮದಿಂದ ಶುರುಮಾಡಿ. ಮೊದಲ ದಿನಗಳಲ್ಲಿ ವಿಮಾನದ ಹೆಸರನ್ನಷ್ಟೇ ಹಿಡಿಯಿರಿ, ಅದು ಪಳಗಿದ ಮೇಲೆ ಕ್ರಿಯಾಪದ, ಆಮೇಲೆ ಅಂಕಿ. ಈ ತರಂಗಗಳನ್ನು ಹಿಡಿಯುವ ರೇಡಿಯೋ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಪರವಾನಗಿಗೆ ಸಂಬಂಧಿಸಿದ ವಿಷಯ, ನಿಯಮ ತಿಳಿಯದೆ ಕೊಳ್ಳಬೇಡಿ. ಹೊರದೇಶಗಳಲ್ಲಿ ಕಾನೂನುಬದ್ಧವಾಗಿ ಪ್ರಸಾರವಾಗುವ ಸಂಭಾಷಣೆಗಳು ಅಭ್ಯಾಸಕ್ಕೆ ಸಾಕು, ಏಕೆಂದರೆ ವ್ಯಾಕರಣ ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ. ಕಟ್ಟು ಒಮ್ಮೆ ಮನಸ್ಸಿಗೆ ಹತ್ತಿದರೆ, ಗದ್ದಲವೆನಿಸಿದ್ದು ಮನುಷ್ಯರು ಒಬ್ಬರನ್ನೊಬ್ಬರು ಕಾಯಲು ಕಟ್ಟಿಕೊಂಡ ಅತ್ಯಂತ ಶಿಸ್ತಿನ ಮಾತೆಂದು ನಿಮಗೇ ಮನವರಿಕೆಯಾಗುತ್ತದೆ.