ದಿನಕ್ಕೊಂದು ರೂಪಾಯಿಯ ಸೈಕಲ್

ಕಮಠಾಣದ ಪಾರ್ಶ್ವನಾಥ ಬಸದಿ ನೋಡಿ ಬೀದರಿಗೆ ಹೊರಟವನನ್ನು ತಡೆದು ನಿಲ್ಲಿಸಿದ್ದು ಹಳೆಯದೊಂದು ವಹಿ. ಚಹಾಕ್ಕೆ ಕರೆದಿದ್ದ ಓಣಿಯ ಹಿರಿಯರು ಹೈದರಾಬಾದಿನಲ್ಲಿ ಓದಿದವರು. ಮಾತು ಫುಟ್‌ಬಾಲಿಗೆ ಹೊರಳಿದ್ದೇ ತಡ, ಒಳಗಿಂದ ವಹಿ ತಂದು ಮಂಚದ ಮೇಲೆ ಬಿಚ್ಚಿದರು. ತುಂಬ ಉರ್ದು ಪತ್ರಿಕೆಯ ತುಣುಕುಗಳು. ನನಗೆ ಉರ್ದು ಬಾರದು, ಅವರೇ ಬೆರಳಿಟ್ಟು ಓದಿ ಹೇಳಿದರು. ಪುಟಪುಟಕ್ಕೂ ಒಬ್ಬರೇ: ತುಳಸಿದಾಸ್ ಬಲರಾಮ್.

‘ಕಾಕಾ, ಇವರು ಸಿಕಂದರಾಬಾದಿನವರಲ್ರಿ?’

‘ಆಗ ನಮ್ದೂ ಅವರ್ದೂ ಒಂದೇ ರಾಜ್ಯ ಇತ್ತಪಾ. ನಮ್ಮ ಹುಡುಗನೇ ಅಂವ.’

ನಿಜವೇ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದ್ದು. ಬಲರಾಮ್ ಬೆಳೆದು ಮೇಲೆ ಬಂದದ್ದು ಆ ಹೈದರಾಬಾದಿನ ಮೈದಾನಗಳಲ್ಲಿ. ಸಿಕಂದರಾಬಾದಿನ ಅಮ್ಮುಗುಡದ ಬಡ ಮನೆಯ ಹುಡುಗ. ಪೊಲೀಸರು ಬಿಸಾಡಿದ ಬೂಟುಗಳಿಂದ ಚಮ್ಮಾರರೊಬ್ಬರು ಹೊಲಿದುಕೊಟ್ಟ ಬೂಟಿನಲ್ಲಿ ಆಡಿದವರು. ಅವರ ಆಟ ಕೋಚ್ ಸೈಯದ್ ಅಬ್ದುಲ್ ರಹೀಂ ಕಣ್ಣಿಗೆ ಬಿತ್ತು. ಅಭ್ಯಾಸಕ್ಕೆ ಹೈದರಾಬಾದಿಗೆ ಬಾ ಎಂದರೆ, ಬರಲು ಕಾಸಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಂ ದಿನಕ್ಕೊಂದು ರೂಪಾಯಿ ಕೊಡತೊಡಗಿದರು.

ಈ ರೂಪಾಯಿಯನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ. ನಯಾಪೈಸೆ ಬಂದದ್ದು 1957ರಲ್ಲಿ. ಇದು ಅದಕ್ಕೂ ಮುಂಚಿನ, ಹದಿನಾರು ಆಣೆಯ ರೂಪಾಯಿ. ಕೊಟ್ಟವರೇನು ಶ್ರೀಮಂತರಲ್ಲ, ಶಾಲಾ ಮೇಷ್ಟ್ರಾಗಿ ಬದುಕು ಶುರುಮಾಡಿದವರು. ಹುಡುಗ ಅಷ್ಟು ದೂರ ಪೆಡಲ್ ತುಳಿದು ಬಂದು, ಆಡಿ, ಮತ್ತೆ ತುಳಿದುಕೊಂಡೇ ಮನೆ ಸೇರಬೇಕು. ಆ ಎದೆಗೆ ದಮ್ಮು ಬಂದದ್ದು ಸೈಕಲ್ಲಿನಿಂದಲೇ ಎಂದು ಕಾಕಾ ವಾದ. ನಾನೂ ಒಪ್ಪಿದೆ.

ಮುಂದಿನದು ಬಲ್ಲವರಿಗೆ ಗೊತ್ತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್, ಭಾರತಕ್ಕೆ ನಾಲ್ಕನೇ ಸ್ಥಾನ. 1960ರಲ್ಲಿ ರೋಮ್: ಹಂಗೇರಿ ವಿರುದ್ಧ ಒಂದು, ಪೆರು ವಿರುದ್ಧ ಒಂದು ಗೋಲು. 1961ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬಿನ ನಾಯಕತ್ವ. 1962ರ ಸೆಪ್ಟೆಂಬರ್ 4, ಜಕಾರ್ತ: ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಏಷ್ಯನ್ ಗೇಮ್ಸ್ ಚಿನ್ನ.

ಮರುವರ್ಷವೇ ಎಲ್ಲ ಮುಗಿಯಿತು. ಕಾಲಿಗೆ ಪೆಟ್ಟಾಗಿ ಆಟ ಬಿಟ್ಟವರನ್ನು ಕೇಳಿದ್ದೇವೆ. ಬಲರಾಮ್‌ಗೆ ಕೈಕೊಟ್ಟದ್ದು ಎದೆ. ಕಾಯಿಲೆಯ ಹೆಸರು ಪ್ಲೂರಿಸಿ. ಶ್ವಾಸಕೋಶವನ್ನು ಸುತ್ತಿದ ತೆಳುಪೊರೆ ಉರಿಯೂತದಿಂದ ಬಾತು, ಉಸಿರೆಳೆದಾಗಲೆಲ್ಲ ಉಜ್ಜಿ ಇರಿಯುತ್ತದೆ. ಅಂಚಿನಲ್ಲಿ ಓಡುವ ವಿಂಗರ್‌ಗೆ ಉಸಿರೇ ಬಂಡವಾಳ. ಈಸ್ಟ್ ಬೆಂಗಾಲ್ ಬಿಟ್ಟು ರೈಲ್ವೆಯ ಬಿ.ಎನ್.ಆರ್. ತಂಡ ಸೇರಿದ ವರ್ಷವದು, ವಯಸ್ಸು ಇಪ್ಪತ್ತೇಳರ ಆಸುಪಾಸು. ಅದೇ 1963ರ ಜೂನ್ 11ರಂದು ರಹೀಂ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಗುರುವಿಗೂ ಶಿಷ್ಯನಿಗೂ ಏಟು ಬಿದ್ದದ್ದು ಎದೆಗೇ. ಈ ಎರಡು ಸುದ್ದಿಗಳನ್ನು ಕಾಕಾ ಎದುರುಬದುರು ಪುಟಗಳಲ್ಲಿ ಅಂಟಿಸಿದ್ದಾರೆ.

ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಎಂದು ಮೂವರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಕಾಲವಿತ್ತು. ಚುನಿಗೆ 1983ರಲ್ಲಿ, ಪಿ.ಕೆ.ಗೆ 1990ರಲ್ಲಿ ಪದ್ಮಶ್ರೀ ಬಂತು. ಬಲರಾಮ್‌ಗೆ 1962ರಲ್ಲಿ ಅರ್ಜುನ ಪ್ರಶಸ್ತಿ ಬಂದಿತ್ತು, ಪದ್ಮಶ್ರೀ ಬರಲೇ ಇಲ್ಲ. ಹತ್ತು ವರ್ಷವೂ ತುಂಬದ ಆಟವೆಂದು ತೂಕ ಕಡಿಮೆ ಮಾಡಿದರೋ ಏನೋ. ಹಾಗೆ ಮಾಡಿದ್ದರೆ ಆ ತಕ್ಕಡಿಯನ್ನು ನಾನು ನಂಬಲಾರೆ. 2023ರ ಫೆಬ್ರುವರಿ 16ರಂದು, 86ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮರುವರ್ಷ ರಹೀಂ ಕುರಿತ ‘ಮೈದಾನ್’ ಸಿನಿಮಾ ಬಂತು, ಅದರಲ್ಲಿ ಬಲರಾಮ್ ಪಾತ್ರವೂ ಇದೆ. ಅವರ ಆಟ ಕಾಣದ ಬೀದರಿನ ಹುಡುಗರು ಆ ಸಿನಿಮಾವನ್ನಾದರೂ ನೋಡಲಿ.