ನೆತ್ತಿಯ ಮೇಲಿನ ನಕ್ಷತ್ರ ಹೇಳಿದ ಅಕ್ಷಾಂಶ

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಮೇಲಿರುವ ಕರ್ನಾಟಕದ ನಕ್ಷೆಯನ್ನು ನೋಡಿ. ಅದರಲ್ಲಿ ಅಡ್ಡಲಾಗಿ ಎಳೆದಿರುವ ಗೆರೆಗಳು ಅಕ್ಷಾಂಶಗಳು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೀದರ್ ಸುಮಾರು 18 ಡಿಗ್ರಿಯಲ್ಲಿದೆ. ಆದರೆ ನೆಲದ ಮೇಲೆ ಎಲ್ಲಿಯೂ ಈ ಗೆರೆಗಳು ಕಾಣುವುದಿಲ್ಲ. ಕೃತಕ ಉಪಗ್ರಹಗಳು ಇಲ್ಲದ ಕಾಲದಲ್ಲಿ ಇವನ್ನು ಕಂಡುಹಿಡಿದದ್ದು ಹೇಗೆ? ಆಕಾಶವನ್ನು ನೋಡಿ!

ಉತ್ತರ ಧ್ರುವದಲ್ಲಿ ನಿಂತವರಿಗೆ ಧ್ರುವ ನಕ್ಷತ್ರವು ನೆತ್ತಿಯ ಮೇಲೆ, ಅಂದರೆ 90 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಸಮಭಾಜಕ ವೃತ್ತದಲ್ಲಿರುವವರಿಗೆ ಅದು ದಿಗಂತದಲ್ಲಿ, ಅಂದರೆ 0 ಡಿಗ್ರಿಯಲ್ಲಿರುತ್ತದೆ. ನೀವು ಎಷ್ಟು ಡಿಗ್ರಿ ಉತ್ತರಕ್ಕೆ ಹೋಗುತ್ತೀರೋ ಅದು ಅಷ್ಟೇ ಡಿಗ್ರಿ ಮೇಲೇರುತ್ತದೆ. ಆದ್ದರಿಂದ ಧ್ರುವ ನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ನಿಮ್ಮ ಅಕ್ಷಾಂಶ.

ಭೂಮಾಪಕರು ಕೋನ ಅಳೆಯಲು ಬಳಸುವ ಉಪಕರಣ ಥಿಯೊಡೊಲೈಟ್. ಅದರ ದೂರದರ್ಶಕವನ್ನು ಧ್ರುವ ನಕ್ಷತ್ರಕ್ಕೆ ಹಿಡಿದು ಕೋನವನ್ನು ಓದಿಕೊಂಡರೆ ಸಾಕಲ್ಲವೇ? ಸಾಲದು! ನಮ್ಮ ನಾಡಿನಲ್ಲಿ ಒಂದು ತೊಡಕಿದೆ.

ಬಟ್ಟಲಿನ ತಳದಲ್ಲಿ ಒಂದು ನಾಣ್ಯವಿಟ್ಟು ನೀರು ತುಂಬಿರಿ. ಓರೆಯಾಗಿ ನೋಡಿದರೆ ನಾಣ್ಯ ಮೇಲೆದ್ದಂತೆ ಕಾಣುತ್ತದೆ. ಬೆಳಕು ಬಾಗುವ ಈ ಕ್ರಿಯೆಯೇ ವಕ್ರೀಭವನ. ನಕ್ಷತ್ರದ ಬೆಳಕೂ ವಾಯುಮಂಡಲದಲ್ಲಿ ಓರೆಯಾಗಿ ಬರುವಾಗ ಬಾಗುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರವು ದಿಗಂತಕ್ಕೆ ಹತ್ತಿರವಿರುವುದರಿಂದ, ಅದು ಇರುವುದಕ್ಕಿಂತ ಒಂದು ಡಿಗ್ರಿಯ ಸುಮಾರು 15ನೇ ಒಂದು ಭಾಗದಷ್ಟು ಮೇಲೆ ಕಾಣುತ್ತದೆ. ಇದು ಸಣ್ಣ ತಪ್ಪೆಂದು ತಿಳಿಯಬೇಡಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರು. ಹಾಗಾಗಿ ಇಡೀ ಊರನ್ನೇ ಏಳು ಕಿಲೋಮೀಟರು ಉತ್ತರಕ್ಕೆ ಸರಿಸಿದಂತಾಗುತ್ತದೆ! ಲೆಕ್ಕ ಹಾಕಿ ಈ ತಪ್ಪನ್ನು ಕಳೆಯಬಹುದು. ಆದರೆ ಗಾಳಿಯ ಶಾಖ ಮತ್ತು ಒತ್ತಡ ಬದಲಾದಂತೆ ಬಾಗುವಿಕೆಯೂ ಬದಲಾಗುತ್ತದೆ.

ಹಾಗಾದರೆ ದಾರಿ ಯಾವುದು? ನೆತ್ತಿಯ ಮೇಲೆ ನೋಡುವುದು! ಅಲ್ಲಿಂದ ಬೆಳಕು ನೇರವಾಗಿ ಇಳಿಯುವುದರಿಂದ ಬಾಗುವುದಿಲ್ಲ.

1800ರಲ್ಲಿ ಮೈಸೂರು ಸೀಮೆಯಲ್ಲಿ ಭೂಮಾಪನ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ಹೀಗೆಯೇ ಮಾಡಿದರು. ಅವರ ಬಳಿ ಝೆನಿತ್ ಸೆಕ್ಟರ್ ಎಂಬ ಉಪಕರಣವಿತ್ತು. ಅದು ನೆತ್ತಿಯ ಕಡೆಗೆ ನಿಲ್ಲಿಸಿದ ಉದ್ದನೆಯ ದೂರದರ್ಶಕ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರು ತೂಗುಗುಂಡನ್ನು ಇಳಿಬಿಡುತ್ತಾರಲ್ಲವೇ? ಅಂಥದೇ ತೂಗುಗುಂಡಿನ ದಾರ ಇದರಲ್ಲೂ ಇತ್ತು. ನಕ್ಷತ್ರವು ನೆತ್ತಿಯಿಂದ ಎಷ್ಟು ಸರಿದಿದೆ ಎಂಬುದನ್ನು ಆ ದಾರವನ್ನು ಆಧರಿಸಿ ಅಳೆಯುತ್ತಿದ್ದರು. ಬೆಂಗಳೂರಿನ ದೊಡ್ಡಗುಂಟದಲ್ಲೂ ಅವರು ಹೀಗೆ ನಕ್ಷತ್ರಗಳನ್ನು ವೀಕ್ಷಿಸಿದರು. ಎರಡು ಸ್ಥಳಗಳ ಅಕ್ಷಾಂಶವೂ ಅವುಗಳ ನಡುವಿನ ದೂರವೂ ತಿಳಿದರೆ ಭೂಮಿಯ ಗಾತ್ರವನ್ನೇ ಲೆಕ್ಕ ಹಾಕಬಹುದು. ಅವರ ಗುರಿಯೂ ಅದೇ ಆಗಿತ್ತು.

ಒಂದು ಉದಾಹರಣೆ ನೋಡೋಣ. ಮಖಾ ನಕ್ಷತ್ರವು 12 ಡಿಗ್ರಿ ಉತ್ತರ ಅಕ್ಷಾಂಶದವರಿಗೆ ಸುಮಾರಾಗಿ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಬೆಂಗಳೂರಿನಲ್ಲಿ ಅದು ನೆತ್ತಿಗಿಂತ ಸುಮಾರು 1 ಡಿಗ್ರಿ ದಕ್ಷಿಣಕ್ಕೆ ಹಾಯುತ್ತದೆ. ಹನ್ನೆರಡಕ್ಕೆ ಒಂದು ಕೂಡಿಸಿ: 13. ಅದೇ ಬೆಂಗಳೂರಿನ ಅಕ್ಷಾಂಶ! ಬೀದರಿನಲ್ಲಿ ಅದು 6 ಡಿಗ್ರಿ ದಕ್ಷಿಣಕ್ಕೆ ಕಾಣುತ್ತದೆ. ಲೆಕ್ಕ ನೀವೇ ಮಾಡಿ.

ಮಾಡಿ ನೋಡಿ

ಕೋನಮಾಪಕದ ನೇರ ಅಂಚಿಗೆ ಒಂದು ಹೀರುಕೊಳವೆಯನ್ನು ಅಂಟಿಸಿ. ಅಂಚಿನ ನಡುಬಿಂದುವಿಗೆ ದಾರ ಕಟ್ಟಿ, ತುದಿಗೆ ಒಂದು ಸಣ್ಣ ಕಲ್ಲನ್ನು ತೂಗುಬಿಡಿ. ರಾತ್ರಿ ಹಿರಿಯರೊಂದಿಗೆ ಬಯಲಿಗೆ ಹೋಗಿ ಕೊಳವೆಯ ಮೂಲಕ ಧ್ರುವ ನಕ್ಷತ್ರವನ್ನು ನೋಡಿ. ದಾರವು 90ರ ಗುರುತಿನಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದೇ ನಕ್ಷತ್ರದ ಎತ್ತರ. ನಿಮ್ಮ ಊರಿನ ಅಕ್ಷಾಂಶವನ್ನು ನಕ್ಷೆಯಲ್ಲಿ ಹುಡುಕಿ ಹೋಲಿಸಿ. ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಬಂದರೆ ಬೇಸರಪಡಬೇಡಿ. ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯಿರಿ. ಲ್ಯಾಂಬ್ಟನ್ ಕೂಡ ಒಂದೇ ನಕ್ಷತ್ರವನ್ನು ಹಲವು ರಾತ್ರಿ ಅಳೆಯುತ್ತಿದ್ದರು!