ಅಂಗೈಯಲ್ಲಿ ಡಕ್‌ಟೇಲ್ಸ್

‘ಡಕ್‌ಟೇಲ್ಸ್’ ಡಿಸ್ನಿ ಕಂಪನಿಯ ಕಾರ್ಟೂನ್ ಧಾರಾವಾಹಿ. ಅಮೆರಿಕದ ಟಿವಿಯಲ್ಲಿ 1987ರಲ್ಲಿ ಶುರುವಾಯಿತು. ಜಪಾನಿನ ಕ್ಯಾಪ್‌ಕಾಮ್ 1989ರಲ್ಲಿ ಅದನ್ನು ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಮಾಡಿತು, ಮರುವರ್ಷ ನಿಂಟೆಂಡೊದ ಗೇಮ್‌ಬಾಯ್‌ಗೆ ಹೊಂದಿಸಿತು. ಗೇಮ್‌ಬಾಯ್ ಕೈಯಲ್ಲೇ ಹಿಡಿದು ಆಡುವ, ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಪುಟ್ಟ ಯಂತ್ರ. ಅದರ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಬಣ್ಣವಿಲ್ಲ, ನಾಲ್ಕೇ ಛಾಯೆಗಳು.

ಈ ಬಗೆಯ ಆಟಕ್ಕೆ ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ನಾಯಕ ಕಟ್ಟೆಯಿಂದ ಕಟ್ಟೆಗೆ ನೆಗೆಯಬೇಕು, ಹಗ್ಗ ಹತ್ತಬೇಕು, ಶತ್ರುವಿನಿಂದ ತಪ್ಪಿಸಿಕೊಳ್ಳಬೇಕು. ಗುಂಡಿಗೆ ಬಿದ್ದರೆ ಒಂದು ಲೈಫ್, ಅಂದರೆ ಆಡುವ ಒಂದು ಅವಕಾಶ, ಹೋಯಿತು. ಇಲ್ಲಿ ನಾಯಕ ಅಂಕಲ್ ಸ್ಕ್ರೂಜ್, ಕೋಟ್ಯಧೀಶನಾದರೂ ಕಡು ಜಿಪುಣನಾದ ಬಾತುಕೋಳಿ. ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರಲೋಕ ಎಂಬ ಐದು ಹಂತಗಳಲ್ಲಿ ಅವನು ನಿಧಿ ಹುಡುಕುತ್ತಾನೆ. ಯಾವುದು ಮೊದಲು ಎಂಬುದು ಆಡುವವರ ಇಷ್ಟ.

ಆಟದ ಜೀವ ಇರುವುದು ಸ್ಕ್ರೂಜನ ಊರುಗೋಲಿನಲ್ಲಿ. ನೆಗೆದಾಗ ಯಂತ್ರದ ಕೆಳಮುಖದ ಬಟನ್ನನ್ನೂ ಮತ್ತೊಂದು ಬಟನ್ನನ್ನೂ ಒಟ್ಟಿಗೆ ಒತ್ತಿದರೆ ಅವನು ಕೋಲಿನ ಮೇಲೆ ನಿಂತು ಸ್ಪ್ರಿಂಗಿನಂತೆ ಪುಟಿಯತೊಡಗುತ್ತಾನೆ. ಅದೇ ಕೋಲು ಶತ್ರುವಿನ ತಲೆಗೆ ಹೊಡೆತ, ಮುಳ್ಳಿನ ಮೇಲೆ ದಾಟುವ ದಾರಿ, ಎತ್ತರದ ಕಟ್ಟೆ ಹಿಡಿಯುವ ಉಪಾಯ. ಒಂದೇ ಚಲನೆಗೆ ಇಷ್ಟು ಕೆಲಸ ವಹಿಸಿದ್ದರಿಂದ ಕಲಿಯಲು ಒಂದು ನಿಮಿಷ ಸಾಕು, ಪಳಗಲು ದಿನಗಳೇ ಬೇಕು. ಹಿಮಾಲಯದ ಹಂತ ಈ ಜಾಣತನದ ತುತ್ತತುದಿ. ಅಲ್ಲಿ ಮೆತ್ತನೆಯ ಹಿಮದ ಮೇಲೆ ಪುಟಿಯಲು ಹೋದರೆ ಕೋಲು ಹೂತು ಸ್ಕ್ರೂಜ್ ಸಿಕ್ಕಿಬೀಳುತ್ತಾನೆ. ಅಷ್ಟು ಹೊತ್ತೂ ನೆಚ್ಚಿಕೊಂಡಿದ್ದ ಸಾಧನವೇ ಕೈಕೊಟ್ಟಾಗ ಆಡುವವರು ನೆಲ ನೋಡಿ ಹೆಜ್ಜೆ ಇಡುವುದನ್ನು ಕಲಿಯುತ್ತಾರೆ. ಯಾವ ಸೂಚನಾ ಫಲಕವೂ ಇಲ್ಲದೆ ಆಟವೇ ಪಾಠ ಹೇಳುವುದು ಹೀಗೆ.

ಭಾರತದ ಮಕ್ಕಳಿಗೆ ಸ್ಕ್ರೂಜ್ ಪರಿಚಯವಾದದ್ದು ತೊಂಬತ್ತರ ದಶಕದಲ್ಲಿ, ದೂರದರ್ಶನದ ಹಿಂದಿ ಡಬ್ಬಿಂಗ್ ಮೂಲಕ. ಕನ್ನಡದಲ್ಲೇ ಕಾರ್ಟೂನ್ ತೋರಿಸುವ ಚಿಂಟು ಟಿವಿ ಬರಲು 2009ರವರೆಗೆ ಕಾಯಬೇಕಾಯಿತು. ಆದರೆ ಆಟಕ್ಕೆ ಭಾಷೆಯ ಹಂಗು ಕಡಿಮೆ. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಒಂದೇ ಬೀದಿಯಲ್ಲಿ ಕೇಳಿಬರುವ ಬೆಂಗಳೂರಿನ ಪುಲಿಕೇಶಿನಗರದಂಥ ಬಡಾವಣೆಯ ಮಕ್ಕಳೆಲ್ಲ ಇದನ್ನು ಒಟ್ಟಿಗೆ ಕೂತು ಆಡಬಹುದು. ಪರದೆಯ ನಾಲ್ಕು ಸಾಲು ಇಂಗ್ಲಿಷ್ ಓದದಿದ್ದರೂ ಕೋಲು ಪುಟಿಯುತ್ತದೆ.

 

ಟಿವಿಯ ಆಟವನ್ನು ಗೇಮ್‌ಬಾಯ್‌ಗೆ ತಂದಾಗ ಬಣ್ಣ ಹೋಯಿತು, ನೋಟ ಕಿರಿದಾಯಿತು. ಕೋಲಿನ ಪುಟಿತ ಮಾತ್ರ ಹಾಗೇ ಉಳಿಯಿತು. ಕಾರ್ಟೂನಿನ ಹೆಸರು ಅಂಟಿಸಿ ಆತುರದಲ್ಲಿ ಮಾರಿದ ಆಟಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ಡಕ್‌ಟೇಲ್ಸ್ ಆ ಸಾಲಿಗೆ ಸೇರದು. 2013ರಲ್ಲಿ ವೇಫಾರ್ವರ್ಡ್ ಸಂಸ್ಥೆ ಇದನ್ನು ಹೊಸ ಚಿತ್ರಗಳೊಂದಿಗೆ ಮರುರೂಪಿಸಿತು. ಆಟ ಕಟ್ಟುವ ಕಲೆ ಕಲಿಯಬಯಸುವವರು ಹೊಸದನ್ನು ಮುಟ್ಟುವ ಮೊದಲು ಹಳೆಯದರ ಹಿಮಾಲಯವನ್ನು ಒಮ್ಮೆ ಆಡಿ ನೋಡಬೇಕು.